ಕುಂಞಣ್ಣ ಮಾವನ ಕಲ್ಲು

ಮೊನ್ನೆ ಪಕ್ಕದ ಬೀಡಾ ಅಂಗಡಿಯ ಸೀತಾರಾಮ ಒಂದು ಕಾಗದದ ಪೊಟ್ಟಣ ತಂದು ನನ್ನ ಸ್ಟುಡಿಯೋದ ಗಾಜಿನ ಮೇಜಿನ ಮೇಲಿಟ್ಟ. ಬಿಚ್ಚಿ ನೋಡಿದರೆ ಒಂದು ಹಿಡಿ ಕಲ್ಲುಪ್ಪು. ಮೇಲೆ ಒಂದಿಷ್ಟು ಅರಸಿನ, ಬಾಡಿದ ಒಂದು ಕೇಪಳ ಹೂ.

"ಎಂತ ಇದು, ಉಪ್ಪಿನಕಾಯಿಗಾ?" ಎಂದೆ.

"ಪ್ರಸಾದ ಮಾರಾಯ್ರೆ! ನಮ್ಮ ಸಣ್ಣವಳ ಕೈಯಲ್ಲಿ ಕಜ್ಜಿ ಆಗಿತ್ತಲ್ಲ, ಅದಕ್ಕೆ ಹರಕೆ ಹೇಳಿದ್ದು. ಮುಲಾಮು ಕೂಡ ಹಚ್ಚಿದ್ದೆವು, ಅದು ಬೇರೆ. ಆದ್ರೂ ಗುಣ ಆಯ್ತಲ್ಲ? ಆಚೆ ಪದವಿನ ಮೇಲೆ ಒಂದು ಕಲ್ಲು ಉಂಟು, ಭಾರೀ ಕಾರಣಿಕದ್ದು. ಅದಕ್ಕೆ ಉಪ್ಪು ಅಂದ್ರೆ ಬಹಳ ಪ್ರೀತಿ ಅಂತೆ."

ನನಗೆ ಮೊದಲು ನಗು ಬಂತು. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. ಸೀತಾರಾಮ ನನ್ನ ಭಕ್ತಿ ನೋಡಿ ಬೆರಗಾದ. ದೇವಸ್ಥಾನದ ಜೀರ್ಣೋದ್ಧಾರದವರು ಬಂದರೆ ಹಿಂದಿನ ಬಾಗಿಲಿಂದ ಜಾರಿಕೊಳ್ಳುವ ಆಸಾಮಿ ನಾನು ಎಂದು ಅವನಿಗೆ ಚೆನ್ನಾಗಿ ಗೊತ್ತು. ಆ ಉಪ್ಪಿನ ಕತೆ ಅವನಿಗೆ ಹೇಳುವಂತಿರಲಿಲ್ಲ. ನಿಮಗೆ ಹೇಳುತ್ತೇನೆ. ಆದರೆ ಪದವಿನ ಹೆಸರು ಕೇಳಬೇಡಿ. ಕುಂಬ್ರದಿಂದ ಸುಳ್ಯದ ಕಡೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಳಗೆ ಎಂದು ಇಟ್ಟುಕೊಳ್ಳಿ. ಹೆಸರು ಹೇಳಿದರೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗಿ ನಿಜ ಹೇಳಿಬಿಟ್ಟೀರಿ ಎಂಬ ಹೆದರಿಕೆ ನನಗಿದೆ.

ನಮ್ಮ ಊರೆಂದರೆ ಬರೀ ಹಸಿರು ಎಂದು ಘಟ್ಟದ ಮೇಲಿನವರು ತಿಳಿದುಕೊಂಡಿದ್ದಾರೆ. ಅವರನ್ನು ಏಪ್ರಿಲ್ ತಿಂಗಳಲ್ಲಿ ಒಮ್ಮೆ ಪದವಿನ ಮೇಲೆ ನಿಲ್ಲಿಸಬೇಕು. ಪದವು ಎಂದರೆ ಗುಡ್ಡದ ನೆತ್ತಿಯಲ್ಲಿ ಹರಡಿಕೊಂಡಿರುವ ಬಯಲು. ಅಡಿಯಲ್ಲಿ ಕೆಂಪು ಮುರಕಲ್ಲು, ಅದರ ಮೇಲೆ ಬೆರಳು ದಪ್ಪದ ಮಣ್ಣು, ಆ ಮಣ್ಣಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಹುಲ್ಲು. ಬೇಸಗೆಯಲ್ಲಿ ಅದೂ ಇಲ್ಲ. ನೆರಳಿಗೆ ಒಂದು ಗೇರುಮರ ಸಿಕ್ಕಿದರೆ ಪುಣ್ಯ. ನಾನು ಆ ದಿನಗಳಲ್ಲಿ ಭಾನುವಾರ ಬಂತೆಂದರೆ ಟೊಪ್ಪಿ ಹಾಕಿಕೊಂಡು ಹೊರಡುವುದನ್ನು ನೋಡಿ ನನ್ನ ಹೆಂಡತಿ, "ಹೊರಟ್ರಾ ಮರುಭೂಮಿಗೆ?" ಎಂದು ಕೇಳುತ್ತಿದ್ದಳು. ಹಾಗೆ ಹೊರಡಿಸುತ್ತಿದ್ದವರು ನನ್ನ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹೆಸರು ಯಮುನಾ, ಊರವರಿಗೆಲ್ಲ ಯಮುನಕ್ಕ. ಪುತ್ತೂರಿನಲ್ಲಿ ಮಗಳ ಮನೆಯಲ್ಲಿದ್ದರು. ಆ ಮನೆಯ ಸೋಫಾದಲ್ಲಿ ಕೂತರೆ ಬೆನ್ನು ನೋಯುತ್ತದೆ, ನನ್ನ ಸ್ಟುಡಿಯೋದ ಸ್ಟೂಲಿನಲ್ಲಿ ಕೂತರೆ ನೋಯುವುದಿಲ್ಲ ಎಂಬುದು ಅವರ ವಾದ. ಬೆಳಗ್ಗೆ ದೋಸೆ ತಿಂದು ಕೊಡೆ ಹಿಡಿದು ಹೊರಟರೆಂದರೆ ಊಟದವರೆಗೆ ನನ್ನಲ್ಲಿಯೇ. ನನ್ನದು ಸ್ಟುಡಿಯೋ ಎಂದು ಬೋರ್ಡಿನಲ್ಲಿದೆ, ನಿಜ. ಮೊಬೈಲು ಬಂದ ಮೇಲೆ ಜನ ಬರುವುದು ಜೆರಾಕ್ಸಿಗೆ. ಒಂದು ಕಾಲದಲ್ಲಿ ಮದುಮಕ್ಕಳನ್ನು ಬಣ್ಣದ ಪರದೆಯ ಎದುರು ನಿಲ್ಲಿಸಿ "ಸ್ವಲ್ಪ ನಗಿ" ಎಂದು ಗದರಿಸುತ್ತಿದ್ದ ಕಲಾವಿದ, ಈಗ "ಎರಡು ಬದಿಯದ್ದಾ ಒಂದೇ ಬದಿಯದ್ದಾ?" ಎಂದು ವಿನಯದಿಂದ ಕೇಳುತ್ತೇನೆ. ಅಪರೂಪಕ್ಕೆ ಯಾರಾದರೂ ಪಾಸ್‌ಪೋರ್ಟಿನ ಫೋಟೋಕ್ಕೆ ಬಂದರೆ ನನಗಿಂತ ಮೊದಲು ದೊಡ್ಡಮ್ಮ ಎದ್ದು ನಿಂತು, "ಬಾಯಿ ಮುಚ್ಚಿ. ಹಲ್ಲು ಕಂಡ್ರೆ ವಿಮಾನಕ್ಕೆ ಹತ್ತಿಸುದಿಲ್ಲ ಅಂತೆ" ಎನ್ನುತ್ತಿದ್ದರು. ಆ ಫೋಟೋಗಳಲ್ಲಿ ಎಲ್ಲರೂ ಹೆದರಿದವರ ಹಾಗೆ ಕಾಣುವುದಕ್ಕೆ ನನ್ನ ಕೈಚಳಕ ಕಾರಣವಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ಹಾಗೆ ನೋಡುತ್ತ ಹೇಳಿದರು:

"ಎಷ್ಟು ಜನರ ಮುಖ ಉಂಟು ಮಾರಾಯ ಇಲ್ಲಿ. ನಮ್ಮ ಅಣ್ಣನದ್ದು ಒಂದಿಲ್ಲ."

ಅಣ್ಣ ಎಂದರೆ ಕುಂಞಣ್ಣ. ನನಗೆ ಸೋದರಮಾವ ಆಗಬೇಕಾಗಿದ್ದವರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ನನ್ನ ಅಮ್ಮ ಇನ್ನೂ ತೊಟ್ಟಿಲಲ್ಲಿರುವಾಗ, ಒಂದು ಮಳೆಗಾಲದ ಜ್ವರಕ್ಕೆ ಹೋಗಿಬಿಟ್ಟರು. ಆಗ ಅವರಿಗೆ ಮೀಸೆ ಬಂದಿತ್ತಷ್ಟೆ. ಪದವಿನ ಮೇಲೆ ಮುರಕಲ್ಲು ಕಡಿಯುವ ಕೋರೆಯಲ್ಲಿ ಕೆಲಸ. ಯಂತ್ರ ಇಲ್ಲದ ಕಾಲ. ಪಿಕ್ಕಾಸಿನಲ್ಲಿ ಅಗೆದು, ಕೊಡಲಿಯಲ್ಲಿ ಕೆತ್ತಿ ಒಂದೊಂದೇ ಕಲ್ಲು ತೆಗೆಯಬೇಕು. ಎಡಗೈಯವರಂತೆ. ಅವರು ಎಡಗೈಯಲ್ಲಿ ಕೊಡಲಿ ಬೀಸುತ್ತಿದ್ದರೆ ಪಕ್ಕದಲ್ಲಿ ನಿಂತು ಕೆಲಸ ಮಾಡಲು ಯಾರೂ ಒಪ್ಪದೆ, ಅವರಿಗೆ ಒಂದು ಮೂಲೆ ಬೇರೆಯೇ ಕೊಟ್ಟಿದ್ದರಂತೆ. ಅವರು ಹೋದ ಮೇಲೆ ಮನೆಯವರು ಆ ಜಾಗವೇ ಬೇಡವೆಂದು ಮಾರಿ ಕಡಬದ ಕಡೆಗೆ ಹೋದರು. ಫೋಟೋ ಇಲ್ಲ, ಅಂಗಿ ಇಲ್ಲ, ಕೊಡಲಿ ಇಲ್ಲ. ಮನೆಯಿದ್ದ ಜಾಗದಲ್ಲಿ ಈಗ ರಬ್ಬರು ಅಂತೆ.

"ಅಂಥವ ಒಬ್ಬ ಇದ್ದ ಅಂತ ಹೇಳ್ಲಿಕ್ಕೆ ನಾನೊಬ್ಬಳು ಇದ್ದೇನೆ. ನಾನು ಹೋದ್ರೆ ಅದೂ ಹೋಯ್ತು," ಎಂದರು ದೊಡ್ಡಮ್ಮ. ಮತ್ತೆ, "ಒಂದು ಕಲ್ಲು ಉಂಟು. ಈಗ ಉಂಟೋ ಇಲ್ವೋ," ಎಂದು ಸೇರಿಸಿದರು.

ಆ ಕಲ್ಲಿನ ಕತೆ ಹೀಗೆ. ಆ ಕಾಲದಲ್ಲಿ ಪದವಿನ ಸುತ್ತಲಿನ ಮನೆಗಳ ದನಗಳನ್ನೆಲ್ಲ ಒಟ್ಟಿಗೆ ಮೇಯಲು ಬಿಡುವುದು, ಒಂದೊಂದು ದಿನ ಒಂದೊಂದು ಮನೆಯವರು ಕಾಯುವುದು ಕ್ರಮವಾಗಿತ್ತು. ಇವರ ಮನೆಯ ಸರದಿ ಬಂದಾಗ ದೊಡ್ಡಮ್ಮನನ್ನು ಕಳಿಸುತ್ತಿದ್ದರು. ಸಣ್ಣ ಹುಡುಗಿ. ಮಧ್ಯಾಹ್ನದ ಬಿಸಿಲಿಗೆ ಕಣ್ಣು ನಿದ್ದೆಗೆ ಕೂರುತ್ತಿತ್ತು, ಅಷ್ಟರಲ್ಲಿ ದನಗಳು ಕೆಳಗಿನ ಮನೆಯ ಸೌತೆಬಳ್ಳಿಗೆ ಇಳಿಯುತ್ತಿದ್ದವು. ಆ ಮನೆಯವರ ಬೈಗುಳ, ಸಂಜೆ ಅಪ್ಪನ ಬೆತ್ತ. ಒಮ್ಮೆ ಬೆತ್ತದ ಪೆಟ್ಟು ಜೋರಾಗಿಯೇ ಬಿತ್ತು. ಮರುದಿನ ಕುಂಞಣ್ಣ ಕೋರೆಯಲ್ಲಿ ಕಂಬಕ್ಕೆಂದು ತೆಗೆದು, ಮೂಲೆ ಒಡೆದದ್ದರಿಂದ ಬಿಸಾಡಿದ್ದ ಒಂದು ಉದ್ದದ ಕಲ್ಲನ್ನು ಉರುಳಿಸಿಕೊಂಡು ಬಂದು ದನಗಳು ಮಧ್ಯಾಹ್ನ ನಿಲ್ಲುವ ಜಾಗದಲ್ಲಿ ನೆಟ್ಟರು. ದನದ ಮೂತಿ ತಾಗುವ ಎತ್ತರದಲ್ಲಿ ಅದಕ್ಕೊಂದು ಗುಳಿ ಕೆತ್ತಿದರು. ಅದರಲ್ಲಿ ಒಂದು ಹಿಡಿ ಉಪ್ಪು ಹಾಕಿದರು.

"ದನಕ್ಕೆ ಎಂತ ಬೇಕು ಹೇಳು? ಮೈ ತುರಿಸ್ಲಿಕ್ಕೆ ಒಂದು ಕಲ್ಲು, ನೆಕ್ಲಿಕ್ಕೆ ಸ್ವಲ್ಪ ಉಪ್ಪು. ಇಷ್ಟಿದ್ರೆ ಅದು ಎಲ್ಲಿಗೂ ಹೋಗುದಿಲ್ಲ. ನೀನಿನ್ನು ನಿದ್ದೆ ಮಾಡು ಅಂತ ಹೇಳಿದ, ಅಣ್ಣ."

ಉಪ್ಪು ಅವರ ಅಮ್ಮನ ಭರಣಿಯಿಂದ ಕದ್ದದ್ದು. ಆ ಮೇಲೆ ಸೌತೆಬಳ್ಳಿಯ ಮನೆಯಿಂದ ದೂರು ಬರಲಿಲ್ಲ. ದೊಡ್ಡಮ್ಮ ಗೇರುಮರದ ಬುಡದಲ್ಲಿ ನಿದ್ದೆ ಮಾಡಿದರು. ಎಚ್ಚರವಾದಾಗಲೆಲ್ಲ ಆಚೆ ಕೋರೆಯಿಂದ ಕೊಡಲಿಯ ಸದ್ದು ಕೇಳುತ್ತಿತ್ತಂತೆ.

ಈ ಕಲ್ಲನ್ನು ಹುಡುಕಬೇಕೆಂದು ಅವರಿಗೆ ಎಷ್ಟೋ ವರ್ಷದಿಂದ ಮನಸ್ಸಿನಲ್ಲಿತ್ತೋ ಏನೋ. ಬಾಯಿಗೆ ಬಂದದ್ದು ಟೀವಿಯಿಂದ. ಸ್ಟುಡಿಯೋದ ಟೀವಿಯಲ್ಲಿ ಯಾವುದೋ ದೂರದೇಶದ ಮರುಭೂಮಿ ತೋರಿಸುತ್ತಿದ್ದರು. ಬೆಂಗಾಡಿನಂಥ ಜಾಗ, ಸರಕಾರದವರು ಅದನ್ನು ಪಾರ್ಕು ಮಾಡಿದ್ದಾರೆ. ಹಿಂದೆ ಯಾರೋ ಚಿನ್ನವೋ ತಾಮ್ರವೋ ತೆಗೆಯಲು ತೋಡಿದ ಗುಂಡಿಗಳು, ದನ ಸಾಕುವವರು ಬಿಟ್ಟುಹೋದ ಮುರುಕಲು ಬೇಲಿ, ತುಕ್ಕು ಹಿಡಿದ ನೀರಿನ ತೊಟ್ಟಿ. ಅದನ್ನೆಲ್ಲ ಟೊಪ್ಪಿ ಹಾಕಿದ ಗಂಡಸರು ಹೆಂಗಸರು ಸುತ್ತು ಬಂದು ನೋಡುತ್ತಿದ್ದಾರೆ. ದೊಡ್ಡಮ್ಮ ಸ್ಟೂಲನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.

"ಅವ್ರು ಎಂತ ನೋಡುದು ಅಲ್ಲಿ?"

"ಹಳೇ ಗಣಿ, ಹಳೇ ಹಟ್ಟಿ. ಮೊದಲಿನವರು ಹೇಗೆ ಬದುಕಿದ್ರು ಅಂತ ನೋಡುದು."

"ಟಿಕೆಟು ಉಂಟಾ?"

"ಇರ್ಬಹುದು."

"ಹಳೇ ಗುಂಡಿ ಮತ್ತೆ ದನ ನೀರು ಕುಡಿಯುವ ಮರಿಗೆ, ಅದನ್ನು ನೋಡ್ಲಿಕ್ಕೆ ಟಿಕೆಟು!" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಪದವಿನಲ್ಲಿಯೂ ಇದೆಲ್ಲ ಉಂಟಲ್ಲ. ಟಿಕೆಟಿಲ್ಲ. ನಾಳೆ ಆದಿತ್ಯವಾರ, ಸ್ಕೂಟರಿಗೆ ಪೆಟ್ರೋಲು ಹಾಕ್ಸು," ಎಂದರು.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತ ದೊಡ್ಡಮ್ಮ, ಅವರ ಕೈಯಲ್ಲಿ ಕೊಡೆ, ಮುಂದೆ ಕಾಲಿನ ಹತ್ತಿರ ಮಜ್ಜಿಗೆ ನೀರಿನ ಬಾಟಲಿ, ನನ್ನ ಕುತ್ತಿಗೆಯಲ್ಲಿ ಕ್ಯಾಮರಾ. ಕಲ್ಲು ಸಿಕ್ಕಿದ ಕೂಡಲೇ ಅದರ ಒಂದು ಒಳ್ಳೆಯ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅವರಿಗೆ ಕೊಡಬೇಕು. ಅಣ್ಣನ ಮುಖ ಇಲ್ಲದಿದ್ದರೆ ಅಣ್ಣನ ಕೆಲಸವಾದರೂ ಗೋಡೆಯ ಮೇಲಿರಲಿ. ಇಷ್ಟು ದೊಡ್ಡ ಆಲೋಚನೆ ನನಗೆ ಬಂದದ್ದಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಆದರೆ ಪದವು ಸಿಗಬೇಕಲ್ಲ? ದೊಡ್ಡಮ್ಮನಿಗೆ ಗೊತ್ತಿದ್ದದ್ದು ಕಾಲುದಾರಿ, ತೋಡು, ಒಂದು ಹುಣಸೆಮರ. ಈಗ ಇರುವುದು ಡಾಮಾರು ರಸ್ತೆ, ರಬ್ಬರು, ಮೊಬೈಲು ಟವರು. ಅವರು ಹುಟ್ಟಿದ ಗ್ರಾಮದ ಸುತ್ತ ಪದವುಗಳೂ ಒಂದಲ್ಲ. ನಾವು ಹತ್ತಿದ ಕಡೆಯೆಲ್ಲ, "ಇದಲ್ಲ" ಎನ್ನುತ್ತಿದ್ದರು. "ಇಲ್ಲಿಂದ ಕುಮಾರಪರ್ವತ ಕಾಣುದಿಲ್ಲ. ನಮ್ಮ ಕಲ್ಲಿನ ಹತ್ತಿರ ನಿಂತ್ರೆ ಎದುರಿಗೆ ಕಾಣ್ಬೇಕು." ಕಾಣದಿದ್ದರೆ ಬೇಸರವೇನೂ ಇಲ್ಲ. ಅಲ್ಲಿದ್ದ ಹಳೆಯ ಕೋರೆಯ ಅಂಚಿನಲ್ಲಿ ಕೂತು ಮಜ್ಜಿಗೆ ಕುಡಿದು, ಯಾರ ಮನೆಗೆ ಇಲ್ಲಿಂದ ಕಲ್ಲು ಹೋಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಅವರ ಪ್ರಕಾರ ಪ್ರತಿಯೊಂದು ಹಳೆಯ ಮನೆಗೂ ಅದರದ್ದೇ ಅಳತೆಯ ಒಂದು ಗುಂಡಿ ಯಾವುದಾದರೊಂದು ಪದವಿನಲ್ಲಿ ಇದ್ದೇ ಇರುತ್ತದೆ.

ಹುಡುಕುವ ನೆವದಲ್ಲಿ ನಮಗೆ ಸಂಬಂಧವಿಲ್ಲದ ಪದವುಗಳನ್ನೂ ಸುತ್ತಿದೆವು. ಸುಳ್ಯದ ಹತ್ತಿರ ಒಂದು ಕಡೆ ಅಖಂಡ ಕಲ್ಲಿನ ಮರಿಗೆ ಸಿಕ್ಕಿತು. ದನ ನೀರು ಕುಡಿಯುತ್ತಿದ್ದ ಆ ಮರಿಗೆಯಲ್ಲಿ ಈಗ ಒಂದು ನಾಯಿ ಮಲಗಿತ್ತು. ಕಡಬದ ಕಡೆಯ ಒಂದು ಪದವಿಗೆಂದು ಹೊರಟ ದಿನ ದಾರಿ ತಪ್ಪಿ, ಕಾಡಿನೊಳಗೆ ಸುತ್ತಿ ಗುಂಡ್ಯದಲ್ಲಿ ಹೈವೇಗೆ ಬಂದು ಬಿದ್ದೆವು. ಘಟ್ಟ ಇಳಿದು ಬರುವ ಲಾರಿಗಳನ್ನು ನೋಡುತ್ತ ಬನ್ಸ್ ತಿಂದು ಚಾ ಕುಡಿದೆವು. "ಸುಮ್ಮನೆ ಪೊಕ್ಕಡೆ ತಿರುಗಾಟ ಆಯ್ತಲ್ಲ ದೊಡ್ಡಮ್ಮ," ಎಂದೆ. "ಎಂತ ಪೊಕ್ಕಡೆ? ಬನ್ಸ್ ಬಿಸಿ ಉಂಟಲ್ಲ," ಎಂದು ಇನ್ನೊಂದು ತರಿಸಿದರು. ಮನೆಗೆ ಬಂದಾಗ ಅವರ ಮಗಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಸರಿಯಾದ ಪದವು ಸಿಕ್ಕಿದ್ದು ನಾವು ಮೊದಲೇ ಒಮ್ಮೆ ಹೋಗಿ "ಇದಲ್ಲ" ಎಂದು ವಾಪಸು ಬಂದಿದ್ದ ಕಡೆಯಲ್ಲೇ. ಆ ದಿನ ಮೋಡ ಕವಿದಿತ್ತು, ಪರ್ವತ ಕಂಡಿರಲಿಲ್ಲ, ಅಷ್ಟೆ. ಈ ಸಲ ಆಕಾಶ ತೊಳೆದಂತಿತ್ತು. ಪದವಿನ ಮುಕ್ಕಾಲು ಭಾಗವನ್ನು ಯಂತ್ರದಲ್ಲಿ ಕಲ್ಲು ಕೊಯ್ಯುವವರು ತೆಗೆದುಬಿಟ್ಟಿದ್ದರು. ದೊಡ್ಡ ದೊಡ್ಡ ಚೌಕದ ಹೊಂಡಗಳು, ನುಣ್ಣಗಿನ ಗೋಡೆಗಳು. ಪೂರ್ವದ ಅಂಚಿನಲ್ಲಿ ಮಾತ್ರ ಒಂದು ತುಂಡು ಹಾಗೆಯೇ ಉಳಿದಿತ್ತು. ಅತ್ತ ನಡೆದೆವು.

ಅಲ್ಲಿ ಮುಳ್ಳುಗಿಡ ತುಂಬಿದ ಒಂದು ಹಳೆಯ ಕೋರೆ. ಕೈಯಲ್ಲಿ ಕಡಿದ ಕೋರೆಯ ಗೋಡೆ ನೀವು ನೋಡಿದ್ದೀರೋ ಇಲ್ಲವೋ. ಅದರ ಮೇಲೆ ಕೊಡಲಿಯ ಗೀರುಗಳು ಬಾಚಣಿಗೆ ಎಳೆದ ಹಾಗೆ ಸಾಲಾಗಿ, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು ಇರುತ್ತವೆ. ದೊಡ್ಡಮ್ಮ ಗೋಡೆಗೆ ಕೈ ತಾಗಿಸಿಕೊಂಡು ಮೆಲ್ಲಗೆ ನಡೆಯುತ್ತ ಹೋದರು. ಮೂಲೆಯಲ್ಲಿ ನಿಂತರು.

"ಇಲ್ಲಿ ನೋಡು ಮಗ."

ಆ ಮೂಲೆಯಲ್ಲಿ, ಅಷ್ಟು ಅಗಲಕ್ಕೆ ಮಾತ್ರ, ಗೀರುಗಳು ಉಳಿದವುಗಳಿಗೆ ವಿರುದ್ಧವಾಗಿ ವಾಲಿದ್ದವು. ಎಡಗೈಯವನ ಗೀರುಗಳು.

ದೊಡ್ಡಮ್ಮ ಸೆರಗಿನಿಂದ ಆ ಗೋಡೆಯ ಹಾವಸೆ ಒರೆಸಿದರು. ಒರೆಸುತ್ತಾ ಅತ್ತರು. ಅಂಥ ಜಗಳಗಂಟಿ, ಕುಶಾಲಿನ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಮುಖ ಗೊತ್ತಿಲ್ಲದ ಮಾವ ಇಲ್ಲಿ ನಿಂತಿದ್ದರು, ಈ ಎತ್ತರದಲ್ಲಿ ಅವರ ಕೈ ಇತ್ತು ಎಂಬುದನ್ನು ಮುಟ್ಟಿ ನೋಡುವ ಹಾಗಿತ್ತು. ಕ್ಯಾಮರಾ ನೆನಪೇ ಆಗಲಿಲ್ಲ.

ಕೋರೆ ಸಿಕ್ಕಿದ ಮೇಲೆ ಕಲ್ಲು ದೂರ ಇರಲಿಲ್ಲ. ದಿಬ್ಬ ಹತ್ತಿದ ಕೂಡಲೇ ಕುಮಾರಪರ್ವತ ಎದುರಿಗೆ ಬಂತು. ಅದರ ಕೆಳಗೆ ಕಂಡದ್ದು ಒಂದು ತಗಡಿನ ಮಾಡು. ಸುತ್ತ ಕಬ್ಬಿಣದ ಬೇಲಿ, ಒಂದು ಗೇಟು. ಗೇಟಿನ ಮೇಲೆ ಎರಡು ಬೋರ್ಡು: ಒಂದು "ಚಪ್ಪಲಿ ಹೊರಗಿಡಿ", ಇನ್ನೊಂದು "ಫೋಟೋ ತೆಗೆಯಬಾರದು". ಮಾಡಿನ ಅಡಿಯಲ್ಲಿ, ಕೆಂಪು ರೇಷ್ಮೆಯ ಪಟ್ಟೆ ಉಟ್ಟು, ಗಂಧ ಹಚ್ಚಿಸಿಕೊಂಡು, ಹಣೆಯ ತುಂಬ ಕೇಪಳ ಹೂ ಇಟ್ಟುಕೊಂಡು ನಿಂತದ್ದು ನಮ್ಮ ಕಲ್ಲು. ಮೂಲೆ ಒಡೆದದ್ದೂ ಕಾಣುತ್ತಿತ್ತು. ದನದ ಮೂತಿಯ ಎತ್ತರದ ಆ ಉಪ್ಪಿನ ಗುಳಿಯಲ್ಲಿ ಒಂದು ಹಣತೆ ಉರಿಯುತ್ತಿತ್ತು.

ದೊಡ್ಡಮ್ಮ ಬಾಯಿ ತೆರೆದವರು ಹಾಗೆಯೇ ನಿಂತರು.

ಒಳಗೆ ಬತ್ತಿ ಸರಿ ಮಾಡುತ್ತಿದ್ದವರು ಹೊರಗೆ ಬಂದು, "ಬನ್ನಿ ಅಮ್ಮ, ಬನ್ನಿ," ಎಂದು ಕರೆದರು. ವಾಸಣ್ಣ ಎಂದು ಹೆಸರು, ಅಲ್ಲಿನ ಸಮಿತಿಯ ಅಧ್ಯಕ್ಷರು. ಒಳ್ಳೆಯ ಮನುಷ್ಯ. ಬಿಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದ ನನಗೆ ಒಂದು ಗೋಣಿ ಹಾಸಿಕೊಟ್ಟರು. ಕತೆಯನ್ನೂ ಅವರೇ ಹೇಳಿದರು. ಕಲ್ಲು ಕೊಯ್ಯುವ ಯಂತ್ರ ಇಲ್ಲಿಯವರೆಗೆ ಬಂತಂತೆ. ಇದರ ಹತ್ತಿರ ಬಂದ ದಿನವೇ ಯಂತ್ರ ಕೆಟ್ಟಿತು, ನಡೆಸುವವನಿಗೆ ಜ್ವರ ಬಂತು. ನೋಡಿದರೆ ಬಯಲಿನ ನಡುವೆ ನೆಟ್ಟ ಒಂದು ಕಲ್ಲು, ದೀಪ ಇಡಲು ಗೂಡು ಬೇರೆ ಇದೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಇಲ್ಲಿ ಹಿಂದಿನಿಂದ ಒಂದು ಶಕ್ತಿ ಇದೆ, ಹಿರಿಯರು ನಂಬಿಕೊಂಡು ಬಂದದ್ದು ನಿಂತುಹೋಗಿದೆ ಎಂದು ಕಂಡುಬಂತು. ಯಾವ ಶಕ್ತಿ ಎಂದು ಇನ್ನೂ ಸರಿಯಾಗಿ ತಿಳಿದಿಲ್ಲ.

"ಇದು ಇಲ್ಲದಿದ್ರೆ ಈ ತುಂಡನ್ನು ಸಹ ಕೊಯ್ದು ಲಾರಿಗೆ ಹಾಕ್ತಿದ್ರು," ಎಂದರು ವಾಸಣ್ಣ. "ಈಗ ಯಾರಿಗೂ ಇದರ ಹತ್ರ ಬರ್ಲಿಕ್ಕೆ ಧೈರ್ಯ ಇಲ್ಲ."

ನಾನು ದೊಡ್ಡಮ್ಮನ ಮುಖ ನೋಡಿದೆ. ನಿಜ ಹೇಳಿದರೆ ಅಣ್ಣನ ಕಲ್ಲು ದನ ತುರಿಸುವ ಕಲ್ಲಾಗುತ್ತದೆ, ಅಣ್ಣನ ಹೆಸರು ಊರಿಗೆ ಗೊತ್ತಾಗುತ್ತದೆ. ಆದರೆ ಮರುವಾರವೇ ಯಂತ್ರ ಬರುತ್ತದೆ. ಹೇಳದಿದ್ದರೆ ಕಲ್ಲು ಉಳಿಯುತ್ತದೆ, ಅಣ್ಣ ಇದ್ದದ್ದು ಯಾರಿಗೂ ತಿಳಿಯುವುದಿಲ್ಲ. ಎಷ್ಟೋ ಭಾನುವಾರ ಸ್ಕೂಟರಿನಲ್ಲಿ ಸೊಂಟ ನೋಯಿಸಿಕೊಂಡು ಬಂದ ಹೆಂಗಸಿಗೆ ಎಂಥ ಇಕ್ಕಟ್ಟು ನೋಡಿ.

ದೊಡ್ಡಮ್ಮ ಪ್ರದಕ್ಷಿಣೆಗೆ ಹೊರಟರು. ಪಟ್ಟೆ ಮುಚ್ಚದ ಹಿಂಬದಿಗೆ ಹೋದವರು ಅಲ್ಲಿಯೇ ನಿಂತು, ಕಲ್ಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಮತ್ತೆ, ದೇವರಾಣೆಗೂ ನಾನು ನೋಡಿದ್ದೇನೆ, ಮೆಲ್ಲಗೆ ಬೆನ್ನನ್ನು ಆಚೆ ಈಚೆ ಉಜ್ಜಿಕೊಂಡರು. ದನ ಉಜ್ಜಿಕೊಳ್ಳುವ ಹಾಗೆಯೇ. ಮುಖದಲ್ಲಿ ಪರಮಸುಖ, ಕಣ್ಣಲ್ಲಿ ನೀರು, ಮೈಯೆಲ್ಲ ಅಲುಗುತ್ತಿದೆ. ವಾಸಣ್ಣ ಗಾಬರಿಯಿಂದ ನನ್ನ ತೋಳು ಹಿಡಿದರು.

"ಅಮ್ಮನಿಗೆ ಮೈಮೇಲೆ ದರ್ಶನ ಬಂತಾ ಮಾರಾಯ್ರೆ?"

ಹೇಳಲು ಬಾಯಿ ತೆರೆದರೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ವಾಸಣ್ಣ ದೊಡ್ಡಮ್ಮನ ಎದುರು ಕೈ ಮುಗಿದು ನಿಂತಿದ್ದರು.

"ಅಮ್ಮ, ನೀವು ಹಿರಿಯರು. ಇದರ ವಿಷಯ ಎಂತಾದ್ರೂ ಗೊತ್ತಿದ್ರೆ ಹೇಳ್ಬೇಕು."

ದೊಡ್ಡಮ್ಮ ಕಣ್ಣು ಬಿಟ್ಟರು. ಪರ್ವತದ ಕಡೆ ನೋಡಿದರು, ಕೊಯ್ದ ಹೊಂಡಗಳ ಕಡೆ ನೋಡಿದರು. ಕೊನೆಗೆ ಗುಳಿಯ ಒಳಗೆ ಬೆರಳಾಡಿಸಿ, "ಇದು ದೀಪದ ಗೂಡಲ್ಲ. ದೀಪ ಕೆಳಗೆ ಇಡಿ. ಇದರಲ್ಲಿ ಉಪ್ಪು ಇಡ್ಬೇಕು," ಎಂದರು.

"ಉಪ್ಪಾ?"

"ಕಲ್ಲುಪ್ಪು. ಮೊದಲು ಇಲ್ಲಿ ಉಪ್ಪು ಇಡುವ ಕ್ರಮ ಇತ್ತು. ನಾನು ಸಣ್ಣದಿರುವಾಗ ಕಣ್ಣಾರೆ ಕಂಡದ್ದು. ಮೈ ತುರಿಕೆ ಇದ್ದವರಿಗೆ ಇದು ಭಾರೀ ಒಳ್ಳೇದು. ಮತ್ತೆ ಆ ಬೇಲಿ ಎಂತಕ್ಕೆ ಹಾಕಿದ್ದು?"

"ದನಗಳ ಉಪದ್ರ ಅಮ್ಮ. ಆ ಎರಡು ಮನೆಯವರದ್ದು ಇಲ್ಲೇ ಮೇಯುದು. ಬಂದು ಉಜ್ಜುತ್ತವೆ, ಪಟ್ಟೆ ಎಲ್ಲ ಹರೀತವೆ."

"ದನ ಬಾರದಿದ್ರೆ ಅವನಿಗೆ ಬೇಜಾರಾಗ್ತದೆ."

"ಯಾರಿಗೆ?"

ದೊಡ್ಡಮ್ಮ ಕಲ್ಲಿನ ಕಡೆಗೆ ಕೈ ತೋರಿಸಿದರು. ವಾಸಣ್ಣ ಮತ್ತೊಮ್ಮೆ ಕೈ ಮುಗಿದರು. ಉಪ್ಪಿನದ್ದು ಖಂಡಿತ ಮಾಡುತ್ತೇವೆ, ಬೇಲಿಯದ್ದು ಸಮಿತಿಯಲ್ಲಿ ಕೇಳಬೇಕು, ಊರವರು ಸೇರಿ ಹಾಕಿಸಿದ್ದು, ತೆಗೆಯಲು ಒಪ್ಪುವುದು ಕಷ್ಟ ಎಂದರು. "ಆಯ್ತು, ಉಪ್ಪು ಮಾತ್ರ ಬಿಡ್ಬೇಡಿ," ಎಂದರು ದೊಡ್ಡಮ್ಮ.

ಹೊರಗೆ ಬಂದು ಚಪ್ಪಲಿ ಹಾಕುವಾಗ ನನಗೆ ಕ್ಯಾಮರಾ ನೆನಪಾಯಿತು. ಬೋರ್ಡಿನ ಕಡೆ ನೋಡಿದೆ. "ಕೇಳಿ ನೋಡ್ಲಾ ದೊಡ್ಡಮ್ಮ? ಒಂದೇ ಒಂದು."

"ಬೇಡ, ಇರ್ಲಿ. ಅಣ್ಣನಿಗೆ ಫೋಟೋ ಆಗಿ ಬರುದಿಲ್ಲ ಕಾಣ್ತದೆ," ಎಂದರು.

ದಾರಿಯಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ, ಅಷ್ಟು ದೊಡ್ಡ ಸುಳ್ಳು ಹೇಗೆ ಬಂತು ಬಾಯಿಗೆ ಎಂದು. ಕೊಡೆಯ ಹಿಡಿಯಿಂದ ನನ್ನ ಬೆನ್ನಿಗೆ ಒಂದು ತಿವಿದರು. "ಎಂತ ಸುಳ್ಳು? ಉಪ್ಪು ಇಡುವ ಕ್ರಮ ಇತ್ತಾ ಇಲ್ವಾ? ತುರಿಕೆಗೆ ಒಳ್ಳೇದು ಹೌದಾ ಅಲ್ವಾ? ಯಾರ ತುರಿಕೆ ಅಂತ ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಬೇಲಿಯ ಮಾತೆತ್ತಿದಾಗ ಮಾತ್ರ, "ನೋಡುವ," ಎಂದಷ್ಟೇ ಹೇಳಿದರು. ಪಾಪ, ದನಗಳಿಗೆಂದು ಅಣ್ಣ ನೆಟ್ಟ ಕಲ್ಲಿಗೆ ದನ ಬಾರದ ಹಾಗಾಯಿತಲ್ಲ ಎಂದು ಬೇಸರದಲ್ಲಿದ್ದಾರೆಂದು ನಾನು ತಿಳಿದೆ. ಕುಂಬ್ರದಲ್ಲಿ ನಿಲ್ಲಿಸಿ ಸೋಡಾ ಕುಡಿಸಿದೆ.

ಕಳೆದ ಮಳೆಗಾಲದಲ್ಲಿ ದೊಡ್ಡಮ್ಮ ಹೋದರು. ಕಾಯಿಲೆ ಅಂತ ಹೆಚ್ಚೇನಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. 'ನೀನಿನ್ನು ನಿದ್ದೆ ಮಾಡು' ಎಂದು ಅಣ್ಣ ಅವರಿಗೆ ಹೇಳಿದ ಮಾತು ನನಗೆ ನೆನಪಾಯಿತು. ಅವರ ಸ್ಟೂಲನ್ನು ನಾನು ಬೇರೆ ಯಾರಿಗೂ ಕೊಡುವುದಿಲ್ಲ. ಪದವಿನ ಕಡೆಗೆ ಮತ್ತೆ ಹೋಗಿರಲಿಲ್ಲ. ಅವರಿಲ್ಲದೆ ಆ ಬಿಸಿಲಿನಲ್ಲಿ ನನಗೇನು ಕೆಲಸ ಎನಿಸಿತ್ತು.

ಸೀತಾರಾಮನ ಪೊಟ್ಟಣ ಬಂದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಬಂದದ್ದೇ ಟೊಪ್ಪಿ ಹಾಕಿದೆ. "ಹೊರಟ್ರಾ ಮರುಭೂಮಿಗೆ?" ಎಂದು ಹೆಂಡತಿ ಎಷ್ಟೋ ತಿಂಗಳ ಮೇಲೆ ಕೇಳಿದಳು. ಕೇಳಿ, ತಾನೇ ಮಜ್ಜಿಗೆ ನೀರಿನ ಬಾಟಲಿ ತಂದುಕೊಟ್ಟಳು. ಕ್ಯಾಮರಾ ಕೊಂಡುಹೋಗಲಿಲ್ಲ. ಉಪ್ಪಿನ ಪೊಟ್ಟಣ ಅಂಗಿಯ ಜೇಬಿನಲ್ಲಿತ್ತು.

ಹೋಗಿ ನೋಡಿದರೆ ಬೇಲಿ ಇಲ್ಲ. ಗೇಟಿನ ಒಂದು ಕಂಬ ಓರೆಯಾಗಿ ನಿಂತಿದೆ, ಉಳಿದದ್ದೆಲ್ಲ ಒಂದು ಬದಿಗೆ ರಾಶಿ. ವಾಸಣ್ಣ ನನ್ನ ಗುರುತು ಹಿಡಿದರು. ದೊಡ್ಡಮ್ಮನ ಸುದ್ದಿ ಕೇಳಿ ತುಂಬ ಬೇಸರಪಟ್ಟರು.

"ಅವ್ರು ಹೇಳಿದ ಹಾಗೆಯೇ ಆಯ್ತು ನೋಡಿ," ಎಂದರು. "ಉಪ್ಪು ಇಡ್ಲಿಕ್ಕೆ ಶುರು ಮಾಡಿದ್ದೇ ತಡ, ದನಗಳನ್ನು ತಡೀಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ಎಲ್ಲೆಲ್ಲಿಂದ ಬಂದವು! ಬೇಲಿ ದೂಡಿಯೇ ಹಾಕಿದವು. ಎರಡು ಸಲ ಸರಿ ಮಾಡಿದೆವು. ಕಡೆಗೆ ಪ್ರಶ್ನೆ ಇಟ್ಟೆವು. ಇಲ್ಲಿಗೆ ಬೇಲಿ ಇಷ್ಟ ಇಲ್ಲ ಅಂತ ಬಂತು. ನಿಮ್ಮ ದೊಡ್ಡಮ್ಮ ಅಂದೇ ಹೇಳಿದ್ರಲ್ಲ!"

ಆಗ ನನಗೆ ಬೆಳಕಾಯಿತು. ಸಮಿತಿ ಒಪ್ಪಲಿಕ್ಕಿಲ್ಲ ಎಂದಾಗ "ಉಪ್ಪು ಮಾತ್ರ ಬಿಡ್ಬೇಡಿ" ಎಂದದ್ದು, ದಾರಿಯಲ್ಲಿ "ನೋಡುವ" ಎಂದದ್ದು. ನಾನು ಬೇಸರವೆಂದು ಸೋಡಾ ಕುಡಿಸಿದ್ದೆ! ದನ ಕಾಯುತ್ತಿದ್ದ ಆ ಹುಡುಗಿ ತನ್ನ ಅಣ್ಣ ಕಲಿಸಿಕೊಟ್ಟದ್ದನ್ನೇ ಮಾಡಿದ್ದಳು. ಉಪ್ಪು ಇಟ್ಟ ಮೇಲೆ ದನ ಬರಲೇಬೇಕು. ಬೇಲಿಯ ವಿಷಯ ದನಗಳೇ ನೋಡಿಕೊಳ್ಳುತ್ತವೆ.

ನಾವು ಮಾತಾಡುತ್ತಿದ್ದ ಹಾಗೆಯೇ ಒಂದು ಕಂದು ದನ ತನ್ನ ಮನೆಗೆ ಬಂದಷ್ಟು ಸಲೀಸಾಗಿ ಮಾಡಿನ ಅಡಿಗೆ ಬಂತು. ಕೊಂಬಿಗೆ ತಾಗಿದ ಪಟ್ಟೆಯನ್ನು ಸರಿಸಿ, ಒಡೆದ ಮೂಲೆಗೆ ಕುತ್ತಿಗೆ ಕೊಟ್ಟು ಉಜ್ಜತೊಡಗಿತು. ವಾಸಣ್ಣ ಭಕ್ತಿಯಿಂದ ಕೈ ಮುಗಿದರು. ಜೀರ್ಣೋದ್ಧಾರದವರನ್ನು ಕಂಡರೆ ಓಡುವ ನಾನೂ ಮುಗಿದೆ. ಆ ಕಲ್ಲಿನಲ್ಲಿ ಶಕ್ತಿ ಇಲ್ಲ ಎನ್ನಲು ಈಗ ನನ್ನಿಂದ ಸಾಧ್ಯವಿಲ್ಲ. ತಂಗಿಗೆ ಇನ್ನೊಮ್ಮೆ ಪೆಟ್ಟು ಬೀಳದಿರಲಿ ಎಂದು ಒಬ್ಬ ಹುಡುಗ ನೆಟ್ಟ ಕಲ್ಲು ಅದು.

ಜೇಬಿನಿಂದ ಪೊಟ್ಟಣ ತೆಗೆದು ಉಪ್ಪನ್ನು ಗುಳಿಗೆ ಸುರಿಯಲು ಹೋದೆ. ಗುಳಿಯ ಒಳಗೆ ಕೈಗೆ ಕೊಡಲಿಯ ಗೀರುಗಳು ಸಿಕ್ಕಿದವು. ಎಲ್ಲವೂ ಕೋರೆಯ ಆ ಮೂಲೆಯಲ್ಲಿದ್ದ ಹಾಗೆಯೇ ವಿರುದ್ಧ ಕಡೆಗೆ ವಾಲಿದ್ದವು. ನಾನು ಅವನ್ನು ಮುಟ್ಟುತ್ತ ನಿಂತಿರುವಾಗ ದನಕ್ಕೆ ತಾಳ್ಮೆ ಮುಗಿಯಿತು. ಮೂತಿ ತೂರಿಸಿ, ಉಪ್ಪಿನ ಜೊತೆ ನನ್ನ ಕೈಯನ್ನೂ ನೆಕ್ಕಿತು.